ಅಜ್ಜಿಯರಿಗೂ ಸೈಕಲ್ ದಾರಿ ಬೇಕು



ವಯಸ್ಸಾದ ಹೆಂಗಸರು ಸೈಕಲ್ ತುಳಿಯುವುದನ್ನು ಸೋಜಿಗವೆಂಬಂತೆ ನೋಡುವುದನ್ನು ನಾವು ಬಿಡಬೇಕು. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನವು ಅಕ್ಷರದ ಜೊತೆಗೆ ಸೈಕಲನ್ನೂ ಕಲಿಸಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಬೆಂಬಲದಿಂದ ಸಾವಿರಾರು ಗ್ರಾಮೀಣ ಮಹಿಳೆಯರು ಸವಾರಿ ಕಲಿತರು. ನೀರಿಗೆ, ಸಂತೆಗೆ, ಮಕ್ಕಳ ಶಾಲೆಗೆ ಬಸ್ಸನ್ನೋ ಗಂಡಸರನ್ನೋ ಕಾಯುವುದು ತಪ್ಪಿತು. ಕುಹಕದ ಮಾತುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಒಬ್ಬೊಬ್ಬರೇ ಅಲ್ಲದೆ ಗುಂಪಾಗಿ ಕಲಿತದ್ದರಿಂದ ಅವರು ಹಿಂಜರಿಯಲಿಲ್ಲ. ಅಂದು ಮೂವತ್ತರಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟೆವು, 2017ರಲ್ಲಿ ಮೈಸೂರಿಗೆ ‘ಟ್ರಿನ್ ಟ್ರಿನ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಬಂತು. ಅಜ್ಜಿಯರು ಮಾತ್ರ ನಮ್ಮ ಯೋಜಕರ ಲೆಕ್ಕಕ್ಕೇ ಬಂದಂತಿಲ್ಲ.

ಈ ವಯಸ್ಸಿನಲ್ಲಿ ಬಿದ್ದರೆ ಮೂಳೆ ಕೂಡುವುದೇ ಎಂಬ ಮನೆಯವರ ಆತಂಕ ಸುಳ್ಳಲ್ಲ. ಆದರೆ ಅದು ಮೂರು ಗಾಲಿಯ ಸೈಕಲ್, ತಗ್ಗಿನ ಚೌಕಟ್ಟು, ವಾಹನದಟ್ಟಣೆಯಿಂದ ಬೇರ್ಪಟ್ಟ ಪಥ ಬೇಕೆನ್ನುವ ವಾದವೇ ಹೊರತು ಮನೆಯಲ್ಲಿ ಕೂರಿಸುವ ವಾದವಲ್ಲ. ಅರವತ್ತೈದು ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೊಮ್ಮಕ್ಕಳನ್ನು ಯಾರು ನೋಡಬೇಕು ಎನ್ನುವವರೂ ಇದ್ದಾರೆ. ಅಜ್ಜಿ ಗಟ್ಟಿಯಾಗಿದ್ದರೆ ಮೊಮ್ಮಕ್ಕಳಿಗೂ ಒಳ್ಳೆಯದು, ನಿಜ. ಆದರೆ ಯಾರಿಗೂ ಉಪಯೋಗವಾಗದಿದ್ದರೂ ಸೈಕಲ್ ಮೇಲಿನ ಆ ಒಂದು ಗಂಟೆ ಅವಳದೇ. ನಗರಪಾಲಿಕೆಗಳು ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಹಿರಿಯ ಮಹಿಳೆಯರಿಗೆ ಸೈಕಲ್ ತರಬೇತಿ ಆರಂಭಿಸಲಿ, ಕಲಿಸಲು ಮಹಿಳೆಯರನ್ನೇ ನೇಮಿಸಲಿ.

— ಓದುಗರೊಬ್ಬರು, ಮೈಸೂರು