ಬಸವಕಲ್ಯಾಣ, ಹುಮನಾಬಾದ್: ಜಾತಿಯ ಲೆಕ್ಕಕ್ಕೆ ಸಿಗದ ಮತದಾರ

ಚುನಾವಣೆ ಸಮೀಪಿಸಿತೆಂದರೆ ನಮ್ಮ ರಾಜ್ಯದಲ್ಲಿ ಒಂದು ವಿಶೇಷ ಗಣಿತಶಾಸ್ತ್ರ ಹುಟ್ಟಿಕೊಳ್ಳುತ್ತದೆ. ಇಂಥ ಕ್ಷೇತ್ರದಲ್ಲಿ ಲಿಂಗಾಯತರು ಇಷ್ಟು, ಮರಾಠರು ಇಷ್ಟು, ಮುಸಲ್ಮಾನರು ಇಷ್ಟು, ಪರಿಶಿಷ್ಟರು ಇಷ್ಟು. ಕೂಡಿಸಿ ಕಳೆದರೆ ಗೆಲ್ಲುವವರು ಇಂಥವರೇ ಎಂದು ಪಂಡಿತರು ತೀರ್ಪು ಕೊಟ್ಟುಬಿಡುತ್ತಾರೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ವಿಧಾನಸಭಾ ಕ್ಷೇತ್ರಗಳ ವಿಷಯದಲ್ಲಿ ಈ ಲೆಕ್ಕಾಚಾರ ಸದಾ ಕೇಳಿಬರುತ್ತದೆ. ಅದು ಎಷ್ಟು ಸತ್ಯ, ಅದನ್ನು ನಂಬಿ ನಡೆದರೆ ಆಗುವ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಿಸೋಣ. ಕರಾವಳಿಯ ಓದುಗರಿಗೆ ಈ ಊರುಗಳು ದೂರದವಾಗಿ ತೋರಬಹುದು. ಆದರೆ ಪ್ರಶ್ನೆ ನಮ್ಮ ಮನೆ ಬಾಗಿಲಿನದೇ ಆಗಿದೆ.

ಬಸವಕಲ್ಯಾಣ ಸಾಮಾನ್ಯ ಪಟ್ಟಣವಲ್ಲ. ಒಂದು ಕಾಲದಲ್ಲಿ ಅದು ಕಲ್ಯಾಣ ಚಾಲುಕ್ಯರ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳ್ವಿಕೆಯ ಕಾಲಕ್ಕೆ ಬಸವಣ್ಣನವರೂ ಇತರ ಶರಣರೂ ಅನುಭವ ಮಂಟಪದಲ್ಲಿ ಕಲೆತ ನೆಲ. ಹುಮನಾಬಾದ್ ಮಾಣಿಕಪ್ರಭುಗಳ ಸಂಸ್ಥಾನಕ್ಕೂ ವೀರಭದ್ರೇಶ್ವರ ಜಾತ್ರೆಗೂ ಹೆಸರಾದ ಊರು. ಪುಣೆ ಹಾಗೂ ಹೈದರಾಬಾದುಗಳನ್ನು ಜೋಡಿಸುವ ಹೆದ್ದಾರಿ ಈ ಎರಡೂ ತಾಲ್ಲೂಕುಗಳ ಮೂಲಕ ಹಾದುಹೋಗುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಇಲ್ಲಿ ಪೇಟೆಯ ಭಾಷೆಗಳೇ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಈಗ ಫಲಿತಾಂಶಗಳನ್ನು ನೋಡೋಣ. ಬಸವಕಲ್ಯಾಣವನ್ನು ಪ್ರಬಲ ಸಮುದಾಯಗಳ ಕ್ಷೇತ್ರವೆಂದೇ ಹೇಳುವುದು ವಾಡಿಕೆ. ಆದರೆ 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು ಹಿಂದುಳಿದ ಸಮುದಾಯದ ಬಿ. ನಾರಾಯಣರಾವ್. ಅವರಿಂದ ಸೋತ ಮಲ್ಲಿಕಾರ್ಜುನ ಖೂಬಾ 2013ರಲ್ಲಿ ಜನತಾದಳದಿಂದ ಗೆದ್ದವರು, 2018ರಲ್ಲಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿ, 2021ರಲ್ಲಿ ಪಕ್ಷೇತರ. ಅಂದರೆ ಪಕ್ಷದ ಚಿಹ್ನೆಯೂ ಇಲ್ಲಿ ಸ್ಥಿರವಾದುದಲ್ಲ.

ಹುಮನಾಬಾದಿನಲ್ಲಿ 2008, 2013, 2018ರಲ್ಲಿ ಸತತವಾಗಿ ಗೆದ್ದ ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರು 2023ರ ಮೇ ತಿಂಗಳಲ್ಲಿ ಭಾರತೀಯ ಜನತಾ ಪಕ್ಷದ ಸಿದ್ದು ಪಾಟೀಲರ ಎದುರು ಸೋತರು. ಅಂತರ 1,594 ಮತ. ರಾಜ್ಯವಿಡೀ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ಚುನಾವಣೆಯಲ್ಲೇ ಈ ಸೋಲು ಬಂದಿತೆಂಬುದು ಗಮನಾರ್ಹ. ಬೀದರ್ ಜಿಲ್ಲೆಯ ಆರು ಸ್ಥಾನಗಳಲ್ಲಿ ನಾಲ್ಕು ಭಾರತೀಯ ಜನತಾ ಪಕ್ಷದ ಪಾಲಾದವು. ಅಷ್ಟಕ್ಕೇ ಜಿಲ್ಲೆ ಒಂದು ಪಕ್ಷದ ಕೋಟೆಯಾಯಿತೇ? ಇಲ್ಲ. ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಆ ಪಕ್ಷದ ಕೈಯಲ್ಲಿದ್ದರೂ, ಮರುವರ್ಷವೇ, 2024ರಲ್ಲಿ, ಕಾಂಗ್ರೆಸ್ಸಿನ ಯುವಕ ಸಾಗರ್ ಖಂಡ್ರೆ 1 ಲಕ್ಷ 28 ಸಾವಿರಕ್ಕೂ ಮಿಕ್ಕಿದ ಅಂತರದಲ್ಲಿ ಲೋಕಸಭೆಗೆ ಆಯ್ಕೆಯಾದರು. ಸೋತ ಭಗವಂತ ಖೂಬಾ ಆಗ ಕೇಂದ್ರದಲ್ಲಿ ಸಚಿವರು. 2019ರಲ್ಲಿ ಸಾಗರ್ ಅವರ ತಂದೆ ಈಶ್ವರ ಖಂಡ್ರೆಯವರನ್ನು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದವರು. ಎರಡೂ ಸಲ ಎದುರುಬದುರಾದವರು ಒಂದೇ ಸಮುದಾಯದವರು. ಹಾಗಾದರೆ ಐದು ವರ್ಷಗಳಲ್ಲಿ ಬದಲಾದುದು ಜಾತಿಯಲ್ಲ, ಮತದಾರನ ತೀರ್ಮಾನ.

ಇದಕ್ಕೆ ಗಣಿತಜ್ಞರಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಹುಮನಾಬಾದಿನಲ್ಲಿ ಜಾತ್ಯತೀತ ಜನತಾದಳದ ಅಭ್ಯರ್ಥಿ ಸಿ.ಎಂ. ಫಯಾಜ್ ಪಡೆದ ಮತಗಳು ಗೆಲುವಿನ ಅಂತರಕ್ಕಿಂತ ಎಷ್ಟೋ ಪಾಲು ಹೆಚ್ಚು. ಮುಸಲ್ಮಾನರ ಮತ ಒಡೆಯಿತು, ಆದುದರಿಂದ ಕಾಂಗ್ರೆಸ್ ಸೋತಿತು ಎನ್ನುತ್ತಾರೆ. ಇರಬಹುದು. ಆದರೆ ತರ್ಕಶಾಸ್ತ್ರದ ಒಂದು ಮೂಲಪಾಠವನ್ನು ಮರೆಯಬಾರದು: ಯಾವ ಫಲಿತಾಂಶ ಬಂದರೂ ಹೊಂದಿಕೊಳ್ಳುವ ವಿವರಣೆ ವಾಸ್ತವದಲ್ಲಿ ಯಾವುದನ್ನೂ ವಿವರಿಸುವುದಿಲ್ಲ. ಗೆದ್ದರೆ ಸಮುದಾಯ ಒಂದಾಯಿತು, ಸೋತರೆ ಸಮುದಾಯ ಒಡೆಯಿತು ಎನ್ನುವವನು ಮುಂಚಿತವಾಗಿ ಏನನ್ನೂ ಹೇಳಿದಂತಾಗಲಿಲ್ಲ. ಒಂದೇ ಸಮುದಾಯದ ಮತದಾರರು ಬೇರೆ ಬೇರೆ ಅಭ್ಯರ್ಥಿಗಳನ್ನು ಆರಿಸಿದರೆ ಅದನ್ನು 'ಒಡೆಯಿತು' ಎನ್ನುವ ಮಾತೇ ದೋಷಪೂರ್ಣ. ಮನುಷ್ಯರು ವಿಚಾರಮಾಡಿ ಭಿನ್ನ ನಿರ್ಣಯಕ್ಕೆ ಬರುವುದು ಒಡಕಲ್ಲ, ಅದು ಸ್ವಾತಂತ್ರ್ಯ.

ಉಪಚುನಾವಣೆಯ ಪಾಠ

ಈ ಲೆಕ್ಕ ಕೇವಲ ತಪ್ಪಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಅದರಿಂದ ಅನರ್ಥವೂ ಆಗುತ್ತದೆ. ನಾರಾಯಣರಾವ್ 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಸೋಂಕಿನಿಂದ ತೀರಿಕೊಂಡರು. ಬಸವಕಲ್ಯಾಣಕ್ಕೆ ಉಪಚುನಾವಣೆ ಅನಿವಾರ್ಯವಾಯಿತು. ಅದೇ ನವೆಂಬರಿನಲ್ಲಿ ಅಂದಿನ ಸರಕಾರ ಮರಾಠಾ ಸಮುದಾಯದ ಅಭಿವೃದ್ಧಿಗೆ ಪ್ರತ್ಯೇಕ ಪ್ರಾಧಿಕಾರವನ್ನೂ 50 ಕೋಟಿ ರೂಪಾಯಿಗಳನ್ನೂ ಘೋಷಿಸಿತು. ಬೆನ್ನಿಗೇ ವೀರಶೈವ-ಲಿಂಗಾಯತ ಅಭಿವೃದ್ಧಿ ನಿಗಮದ ಘೋಷಣೆಯಾಯಿತು. ಮರಾಠಾ ಪ್ರಾಧಿಕಾರವನ್ನು ವಿರೋಧಿಸಿ ಕನ್ನಡಪರ ಸಂಘಟನೆಗಳು ಡಿಸೆಂಬರ್ 5ರಂದು ಬಂದ್‌ಗೆ ಕರೆಕೊಟ್ಟವು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿ ಅಂದಾಜಿನ ನೂತನ ಅನುಭವ ಮಂಟಪಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ಶಂಕುಸ್ಥಾಪನೆ ಮಾಡಿದರು. ಇವುಗಳಲ್ಲಿ ಒಂದೊಂದನ್ನೂ ಸಮರ್ಥಿಸಲು ಕಾರಣಗಳಿದ್ದಾವು. ಮರಾಠರಲ್ಲಿ ಬಡವರಿಲ್ಲವೆಂದು ಯಾರೂ ಹೇಳಲಾರರು. ಆದರೆ ಅಗತ್ಯವನ್ನು ಅಳೆದು ಕೊಟ್ಟದ್ದಕ್ಕೂ ಮತಗಳನ್ನು ಎಣಿಸಿ ಕೊಟ್ಟದ್ದಕ್ಕೂ ವ್ಯತ್ಯಾಸವುಂಟು. ಮೊದಲನೆಯದು ಹಕ್ಕು, ಎರಡನೆಯದು ಬಾಗಿನ.

ಏಪ್ರಿಲ್ 17ರಂದು ಮತದಾನ ನಡೆಯಿತು. ಸೋಂಕಿನ ಎರಡನೇ ಅಲೆ ಪಕ್ಕದ ಮಹಾರಾಷ್ಟ್ರವನ್ನು ಅದಾಗಲೇ ತತ್ತರಗೊಳಿಸಿತ್ತು. ಗಡಿಯ ತಾಲ್ಲೂಕಿನಲ್ಲಿ ಸಭೆಗಳೂ ಮೆರವಣಿಗೆಗಳೂ ನಡೆದೇ ನಡೆದವು. ಹತ್ತೇ ದಿನಗಳಲ್ಲಿ, ಏಪ್ರಿಲ್ 27ರಿಂದ, ರಾಜ್ಯಕ್ಕೆ ರಾಜ್ಯವೇ ಬಾಗಿಲು ಮುಚ್ಚಬೇಕಾಯಿತು. ಚುನಾವಣಾ ಕರ್ತವ್ಯಕ್ಕೆ ಹೋದ ಶಾಲಾ ಶಿಕ್ಷಕರಲ್ಲಿ ಹಲವರು ಸೋಂಕಿಗೆ ಬಲಿಯಾದರೆಂಬ ವರದಿಗಳು ಅನಂತರ ಬಂದವು. ಪರೀಕ್ಷೆ ಮುಂದೂಡಿದ ವ್ಯವಸ್ಥೆಗೆ ಮತದಾನ ಮುಂದೂಡುವುದು ಮಾತ್ರ ಏಕೆ ಅಸಾಧ್ಯವಾಯಿತು? ಮತವನ್ನು ಎಣಿಕೆಯ ವಸ್ತುವಾಗಿ ಮಾತ್ರ ನೋಡುವಾಗ ಮತಗಟ್ಟೆಯಲ್ಲಿ ಕುಳಿತವನ ಉಸಿರೂ ಲೆಕ್ಕಕ್ಕೆ ಸಿಗುವುದಿಲ್ಲ.

ಮೇ 2ರಂದು ಬಂದ ಫಲಿತಾಂಶದಲ್ಲಿ ಶರಣು ಸಲಗರ ಸುಮಾರು 20 ಸಾವಿರ ಮತಗಳಿಂದ ಗೆದ್ದರು. ದಿವಂಗತರ ಪತ್ನಿ ಮಾಲಾ ನಾರಾಯಣರಾವ್ ಸೋತರು. ಕೊಡುಗೆಗಳ ಫಲವಿದೆಂದು ಹಲವರು ಹೇಳಿದರು. ಆದರೆ ಅದೇ ದಿನ, ಅದೇ ಸರಕಾರದಡಿ, ಕಲ್ಯಾಣ ಕರ್ನಾಟಕದ್ದೇ ಆದ ಮಸ್ಕಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಆಳುವ ಪಕ್ಷದ ಅಭ್ಯರ್ಥಿ ಸೋತಿದ್ದರು. ಸಲಗರ ಅವರನ್ನು ಬಸವಕಲ್ಯಾಣದ ಜನ 2023ರಲ್ಲಿ ಮತ್ತೊಮ್ಮೆ ಆರಿಸಿದರು. ಅದಕ್ಕೆ ಅವರದೇ ಕಾರಣಗಳಿದ್ದಿರಬೇಕು.

ಪ್ರದೇಶದ ಹಕ್ಕು

ಇದಕ್ಕೆ ಪ್ರತಿಯಾಗಿ ಇನ್ನೊಂದು ದಾರಿಯನ್ನೂ ಈ ಪ್ರದೇಶವೇ ತೋರಿಸಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ವಿಧಿಯನ್ನು ಸೇರಿಸಿತು. ಅದರಂತೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಾಯಿತು. ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಈ ವಿಧಿ ಯಾರ ಜಾತಿಯನ್ನೂ ಕೇಳಲಿಲ್ಲ. ಬಸವಕಲ್ಯಾಣದ ಮರಾಠಾ ಹುಡುಗನಿಗೂ ಹುಮನಾಬಾದಿನ ಮುಸಲ್ಮಾನ ಹುಡುಗಿಗೂ ಅದು ಸಮಾನ. ಅದರ ಅನುಷ್ಠಾನದಲ್ಲಿ ಕುಂದುಗಳಿವೆ, ಹುದ್ದೆಗಳು ಖಾಲಿ ಉಳಿದ ದೂರುಗಳಿವೆ. ಆದರೆ ಕುಂದನ್ನು ಪ್ರಶ್ನಿಸಲು ಪ್ರಜೆಗೆ ಸಂವಿಧಾನದ ಆಧಾರವಿದೆ. ಬಾಗಿನ ಕೊಟ್ಟವನನ್ನು ಹಾಗೆ ಪ್ರಶ್ನಿಸಲು ಬರುವುದಿಲ್ಲ. ಅವನಿಗೆ ಕೃತಜ್ಞತೆ ಮಾತ್ರ ಸಲ್ಲಿಸಬೇಕು.

ಈ ಎರಡು ತಾಲ್ಲೂಕುಗಳ ನಿಜವಾದ ವಿಷಯಗಳು ಅಭ್ಯರ್ಥಿಗಳ ಜಾತಿಗಿಂತ ಹಿರಿದಾದವು. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಸಂಕಷ್ಟಕ್ಕೆ ಸಿಲುಕಿದಾಗ ಕಬ್ಬು ಬೆಳೆದ ಎಲ್ಲರೂ ನೊಂದರು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಹೊಗೆ, ಕಲುಷಿತ ನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳ ದೂರು ಎಲ್ಲರದು. ಕೆಲಸ ಹುಡುಕಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಹೋಗುವ ಬಸ್ಸಿನಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಇದರ ಮೇಲೆ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಹಳ್ಳಿಯವನ ಅಹವಾಲಿಗೆ ಶಾಸಕರ ಮನೆಯೇ ಮುಖ್ಯ ಬಾಗಿಲಾಯಿತು. ಶಾಸಕನು ಶಾಸನ ರಚಿಸುವವನೆಂಬುದು ಮರೆತು, ಕೊಡುವವನು ಎಂಬ ಭಾವನೆ ಬೇರೂರಲು ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಬೇರೊಂದಿಲ್ಲ.

ಪ್ರಿಯ ಓದುಗರೇ, ಇನ್ನು ನಮ್ಮ ಮಾತು. ಕ್ರೈಸ್ತ ಮತಗಳು ಇಷ್ಟೆಂದು ನಮ್ಮ ತಲೆಗಳನ್ನೂ ಎಣಿಸುವವರಿದ್ದಾರೆ. 2023ರಲ್ಲಿ ಕ್ರೈಸ್ತ ಅಭಿವೃದ್ಧಿ ನಿಗಮದ ಘೋಷಣೆಯಾದಾಗ ನಮ್ಮಲ್ಲೂ ಸಂತೋಷ ವ್ಯಕ್ತವಾಯಿತು. ಬಡ ಕುಟುಂಬಕ್ಕೆ ಅದರಿಂದ ಸಹಾಯವಾದರೆ ಸಂತೋಷಪಡುವುದು ನ್ಯಾಯವೇ. ಆದರೆ ಬಸವಕಲ್ಯಾಣದ ಮರಾಠರಿಗೆ ನಾವು ಕೇಳುವ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಸಿಕ್ಕಿದ್ದು ಹಕ್ಕೋ ಬಾಗಿನವೋ? ಅದಕ್ಕೆ ಪ್ರತಿಯಾಗಿ ನಮ್ಮಿಂದ ಏನನ್ನು ನಿರೀಕ್ಷಿಸಲಾಗಿದೆ? ಮುಂದಿನ ಸಲ ಅಭ್ಯರ್ಥಿ ಮನೆಗೆ ಬಂದಾಗ 'ನಮ್ಮವರಿಗೆ ಏನು ಮಾಡುತ್ತೀರಿ' ಎಂದು ಕೇಳುವ ಮೊದಲು 'ಈ ಊರಿಗೆ ಏನು ಮಾಡಿದ್ದೀರಿ' ಎಂದು ಕೇಳೋಣ. ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ, ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ, ಪಂಚಾಯಿತಿಗೆ ಸಕಾಲದಲ್ಲಿ ಚುನಾವಣೆ ನಡೆಸಿದ್ದೀರಾ ಎಂದು ವಿಚಾರಿಸೋಣ. ಹುಮನಾಬಾದಿನಲ್ಲಿ 1,594 ಮತಗಳು ಹದಿನೈದು ವರ್ಷಗಳ ಶಾಸಕರನ್ನು ಬದಲಿಸಿದವು. ಚಿಕ್ಕ ಸಮುದಾಯದವರ ಮತಕ್ಕೆ ಬೆಲೆಯಿಲ್ಲವೆಂದು ಹೇಳುವವರಿಗೆ ಈ ಸಂಖ್ಯೆಯನ್ನು ತೋರಿಸಬಹುದು.