ದೀಪ ಉರಿದರೂ ಸರ್ಟಿಫಿಕೇಟ್ ಸಿಕ್ಕಿತು!

ನಮ್ಮ ಪುಟ್ಟ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಎರಡು ತಿಂಗಳಿಂದ ಉರಿಯುತ್ತಿತ್ತು. ‘ಆಕ್ಸಿಜನ್ ಸೆನ್ಸರ್ ಇರ್ಬೇಕು, ಗಾಡಿ ಓಡ್ತಿದೆಯಲ್ಲ, ಬಿಡಿ ಸಾರ್’ ಎಂದರು ಮೆಕ್ಯಾನಿಕ್. ಅಪ್ಪನೂ ಬಿಟ್ಟರು. ಅದೇ ಕಾರಿಗೆ ಹೊಗೆ ತಪಾಸಣಾ ಕೇಂದ್ರದಲ್ಲಿ ಐದೇ ನಿಮಿಷಕ್ಕೆ ಸರ್ಟಿಫಿಕೇಟ್ ಸಿಕ್ಕಿತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಲ್ಲಿದೆ. ಇಂಥ ಕಾರುಗಳಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಹಿಂದೆ–ಮುಂದೆ ಎರಡು ಆಕ್ಸಿಜನ್ ಸೆನ್ಸರ್‌ಗಳಿರುತ್ತವೆ. ಎಂಜಿನ್ ಕಡೆಯದು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಾರಿನ ಕಂಪ್ಯೂಟರ್‌ಗೆ ತಿಳಿಸುತ್ತದೆ. ಇನ್ನೊಂದು, ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾಯುತ್ತದೆ. ಮೊದಲನೆಯದು ಕೆಟ್ಟು ಪೆಟ್ರೋಲ್ ಜಾಸ್ತಿ ಹರಿದರೆ ಮೈಲೇಜ್ ಹೋಗುವುದಷ್ಟೇ ಅಲ್ಲ, ಸೆನ್ಸರ್‌ಗಿಂತ ಎಷ್ಟೋ ದುಬಾರಿಯಾದ ಕನ್ವರ್ಟರೂ ಹಾಳಾಗಬಹುದು.

ನಮ್ಮ ತಪಾಸಣೆಗೆ ಇದ್ಯಾವುದೂ ಬೇಡ. ನಿಂತ ಕಾರಿನ ಸೈಲೆನ್ಸರ್‌ಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮುಂತಾದವನ್ನು ಅಳೆದರೆ ಮುಗಿಯಿತು. ನೈಟ್ರೋಜನ್ ಆಕ್ಸೈಡ್‌ಗಳನ್ನು ಕೇಳುವವರಿಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ 2019ರ ತಿದ್ದುಪಡಿ ಕಾಯ್ದೆಯಂತೆ 10,000 ರೂಪಾಯಿವರೆಗೆ ದಂಡ. ದೀಪ ಉರಿಯುತ್ತಿದ್ದರೆ ಏನೂ ಇಲ್ಲ!

ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡನ್ನು ಕಾರೇ ಹೇಳುತ್ತದೆ. ಕೋಡ್ ಅಳಿಸಿ ತಂದವರ ಕಾರು ‘ಸ್ವಯಂಪರೀಕ್ಷೆ ಇನ್ನೂ ಮುಗಿದಿಲ್ಲ’ ಎಂದು ತೋರಿಸಿಕೊಡುತ್ತದೆ. ತಪಾಸಣೆಯಲ್ಲಿ ಇದನ್ನೂ ಸೇರಿಸಲು ಸರ್ಕಾರಕ್ಕೆ ಏನು ಕಷ್ಟ?

ಕೊನೆಗೆ ನಾನೇ ಹಟ ಹಿಡಿದು ಸ್ಕ್ಯಾನ್ ಮಾಡಿಸಿದೆ. ಸೆನ್ಸರ್ ಚೆನ್ನಾಗಿಯೇ ಇತ್ತು. ಅದರ ವೈರನ್ನು ಇಲಿ ಕಡಿದಿತ್ತು.