ಹಾಡು ಯಾರದು, ಹೆಸರು ಯಾರದು?

ಹೋಳಗಿ ಛೊಲೋ ಆತಂದ್ರ ಲಟ್ಟಿಸಿದಾಕಿ ಹೆಸರು ಊರೆಲ್ಲಾ ಆಗ್ತದ. ಹೂರಣಾ ರುಬ್ಬಿದಾಕಿ, ಕಣಕಾ ನಾದಿದಾಕಿ ಅಡಗಿಮನ್ಯಾಗ ಉಳೀತಾರ. ಇದು ನಮ್ಮ ಮನಿಗಳ ಕಥಿ ಅಷ್ಟ ಅಲ್ರಿ, ಲಂಡನ್ನಿನ ಕ್ವೀನ್ ಅನ್ನೋ ರಾಕ್ ಬ್ಯಾಂಡಿನ ಕಥೀನೂ ಹಿಂಗ ಅದ.

ಅವರು ನಾಲ್ಕು ಮಂದಿ. ಹಾಡೋ ಫ್ರೆಡ್ಡಿ ಮರ್ಕ್ಯುರಿ (ಪಾರ್ಸಿ ಮನೆತನದಾಂವಾ, ಮಹಾರಾಷ್ಟ್ರದ ಪಂಚಗಣಿ ಸಾಲ್ಯಾಗ ಕಲ್ತಾಂವಾ), ಗಿಟಾರಿಗೆ ಬ್ರಯಾನ್ ಮೇ, ಡ್ರಮ್ಮಿಗೆ ರೋಜರ್ ಟೇಲರ್, ಬೇಸ್ ಗಿಟಾರಿಗೆ ಜಾನ್ ಡೀಕನ್. ನಾಲ್ವರೂ ಹಾಡು ಬರಿಯೋರ. ಹಾಡು ಬರದವರಿಗೆ ಬರೋ ರೊಕ್ಕ ಬ್ಯಾರೆ, ನುಡಿಸಿದವರಿಗೆ ಬರೋದು ಬ್ಯಾರೆ. ಜಗಳದ ಬೇರು ಅಲ್ಲೇ ಇತ್ತು.

1975ರಾಗ ‘ಎ ನೈಟ್ ಅಟ್ ದಿ ಒಪೆರಾ’ ಆಲ್ಬಮ್ ಬಂತು. ಅದರಾಗಿನ ‘ಬೊಹೀಮಿಯನ್ ರಾಪ್ಸೊಡಿ’ ಬರದಾಂವಾ ಫ್ರೆಡ್ಡಿ, ಹೆಸರೂ ಅವಂದ. ಆದ್ರ ನಡುವಿನ ಗಿಟಾರು ಬ್ರಯಾನಂದು, ಮುಗಿಲು ಮುಟ್ಟೋ ಆ ಎತ್ತರದ ಧ್ವನಿ ರೋಜರಂದು. ಬರದವರ ಪಾಲಿನಾಗ ಅವರಿಗೆ ಏನೂ ಇಲ್ಲ. ಉಲ್ಟಾನೂ ಆತು ನೋಡ್ರಿ. ಅದ ರೆಕಾರ್ಡಿನ ಹಿಂದಿನ ಮಗ್ಗಲಿಗೆ ರೋಜರ್ ಬರದ ಕಾರಿನ ಹಾಡೊಂದಿತ್ತು. ಮಂದಿ ಕೊಂಡಿದ್ದು ಮುಂದಿನ ಹಾಡಿಗೆ, ಆದ್ರ ಬರದವರ ರೊಕ್ಕ ಎರಡೂ ಮಗ್ಗಲಿಗೆ ಸಮಾ! ಇದು ಬ್ಯಾಂಡಿನಾಗ ಭಾಳ ದಿನಾ ಚುಚ್ಚತಿತ್ತು. ಹಿಂಗಾದ್ರ ‘ಯಾವ ಹಾಡು ಛೊಲೋ’ ಅನ್ನೋದಕ್ಕಿಂತ ‘ಯಾರ ಹಾಡು’ ಅನ್ನೋದ ದೊಡ್ಡದಾಗ್ತದ.

ಕಡೀಕೆ 1989ರ ‘ದಿ ಮಿರಾಕಲ್’ ಆಲ್ಬಮ್ಮಿನಾಗ ಎಲ್ಲಾ ಹಾಡಿಗೂ ‘ಕ್ವೀನ್’ ಅಂತ ಒಂದ ಹೆಸರು ಹಾಕಿದ್ರು. ನಾಲ್ವರಿಗೂ ಪಾಲು.

‘ಹಂಗಾದ್ರ ತಲಿ ಓಡಿಸಿದವಗ ಅನ್ಯಾಯ ಅಲ್ಲೇನು?’ ಅಂತ ನೀವು ಕೇಳಬಹುದು. ಖರೇ ಅದ. 1991ರ ‘ದಿ ಶೋ ಮಸ್ಟ್ ಗೋ ಆನ್’ ಹಾಡೂ ಕ್ವೀನ್ ಹೆಸರಿನಾಗ ಅದ, ಬಹುತೇಕ ಬರದಾಂವಾ ಮಾತ್ರ ಬ್ರಯಾನ್. ಆದ್ರ ಅದನ್ನ ಹಾಡುವಾಗ ಫ್ರೆಡ್ಡಿಗೆ ಭಾಳ ಜಡ್ಡಿತ್ತು. ಆ ವರ್ಷ ನವೆಂಬರಿನಾಗ ತೀರಿಕೊಂಡ. ಈಗ ಹೇಳ್ರಿ, ಆ ಹಾಡು ಪೆನ್ನು ಹಿಡಿದಾಂವಂದೋ, ಉಸಿರು ಕೊಟ್ಟಾಂವಂದೋ?

ನನಗ ಅನಸೋದಿಷ್ಟ. ಪಾಲು ಸಮಾ ಹಂಚಬೇಕು, ಆದ್ರ ಯಾರು ಏನು ಮಾಡಿದ್ರು ಅನ್ನೋದನ್ನ ಬಾಯಿಬಿಟ್ಟು ಹೇಳಬೇಕು. ‘ಎಲ್ಲಾರೂ ಮಾಡೀವಿ’ ಅಂದು ಸುಮ್ಮನಾದ್ರ, ಮತ್ತ ಹೂರಣಾ ರುಬ್ಬಿದಾಕಿ ಹೆಸರ ಮುಚ್ಚಿ ಹೋಗ್ತದ. ಏನಂತೀರಿ, ವೈನಿ?